ಕದಂಬದ ಮೇಲಿನ ಬಾಣಂತಿಯರು

ದಾದರಾದಲ್ಲಿ ತಲೆಯೆತ್ತಿಕೊಂಡು ನಡೆಯಿರಿ, ಬಾಯಿ ಮಾತ್ರ ಮುಚ್ಚಿಕೊಂಡಿರಿ. ಗುವಾಹಾಟಿಯಿಂದ ನನ್ನನ್ನು ಕರೆದುಕೊಂಡು ಹೊರಟಿದ್ದ ಕಾರಿನ ಹುಡುಗ ಹೇಳಿದ ಬುದ್ಧಿಮಾತು ಇದು. ಆ ಊರಿನ ಮರಗಳಿಂದ ಏನು ಬೇಕಾದರೂ ಬೀಳಬಹುದಂತೆ. ಹಿಕ್ಕೆ ಸರಿಯೇ ಸರಿ. ಅದರ ಜೊತೆಗೆ ಅರ್ಧ ಅರಗಿದ ಮೀನು, ಹಾವಿನ ತುಂಡು, ಎಲ್ಲೋ ಸತ್ತ ದನದ ಮೂಳೆ. ಗಾಳಿ ಜೋರಾದ ದಿನ ಮರಿಯೇ ಬೀಳುವುದೂ ಉಂಟು. ಇಷ್ಟನ್ನೂ ಅವನು ದೂರು ಹೇಳುವ ದನಿಯಲ್ಲಿ ಹೇಳಲಿಲ್ಲ. ಊರ ಜಾತ್ರೆಯ ನೂಕುನುಗ್ಗಲನ್ನು ವರ್ಣಿಸುವವರಲ್ಲಿ ಇರುತ್ತದಲ್ಲ, ಅಂಥದೊಂದು ಹೆಮ್ಮೆ ಆ ದನಿಯಲ್ಲಿತ್ತು.

ಮಾಘ ಬಿಹು ಆಗಷ್ಟೇ ಮುಗಿದಿತ್ತು. ಕೊಯ್ಲಾದ ಗದ್ದೆಗಳಲ್ಲಿ ಹಬ್ಬದ ಮೇಜಿ ಬೆಂಕಿಯ ಕರಿ ಗುರುತುಗಳು ಇನ್ನೂ ಮಾಸಿರಲಿಲ್ಲ. ಸರಾಯ್‌ಘಾಟ್ ಸೇತುವೆ ಏರಿದಾಗ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಬ್ರಹ್ಮಪುತ್ರ ಕಾಣಲೇ ಇಲ್ಲ. ಕೆಳಗಿನ ಅಂತಸ್ತಿನಲ್ಲಿ ರೈಲು ಹಾದುಹೋದ ಸದ್ದು, ಕಂಬಿಗಳ ನಡುಕ, ಅಷ್ಟೇ. ಆ ಮಹಾನದಿಗೆ ಕಟ್ಟಿದ ಮೊದಲ ಸೇತುವೆ ಇದು, 1962ರದ್ದು. ಇಲ್ಲೇ ಎಲ್ಲೋ ನೀರಿನ ಮೇಲೆ 1671ರಲ್ಲಿ ಲಾಚಿತ್ ಬೊರ್‌ಫುಕನ್ ಮೊಘಲರ ಪಡೆಯನ್ನು ಹಿಮ್ಮೆಟ್ಟಿಸಿದ್ದು. ದಾಟಿ ಹಾಜೊ ಕಡೆಯ ರಸ್ತೆ ಹಿಡಿದ ಮೇಲೆ ಮಂಜು ಹರಿಯಿತು. ಹಳದಿ ಸಾಸಿವೆ ಹೊಲ, ಬಿದಿರ ಮೆಳೆ, ಮನೆಮನೆಗೊಂದು ಕೊಳ, ಕೊಳದ ಸುತ್ತ ಅಡಿಕೆ ಮರ, ಅಡಿಕೆ ಮರಕ್ಕೆ ಹಬ್ಬಿಸಿದ ವೀಳ್ಯದ ಬಳ್ಳಿ. ಮಲೆನಾಡಿನವರನ್ನು ಕಣ್ಣು ಕಟ್ಟಿ ತಂದು ಇಲ್ಲಿ ಇಳಿಸಿದರೆ ತೀರ್ಥಹಳ್ಳಿಯ ಆಸುಪಾಸಿನಲ್ಲೇ ಇದ್ದೇವೆ ಎಂದುಕೊಂಡಾರು. ಮನೆಗಳ ತಗಡಿನ ಸೂರು ನೋಡುವ ತನಕ.

ಆಮೇಲೆ ಆ ಮರ ಬಂತು. ನೆಟ್ಟಗೆ ಬೆಳೆದ ಎತ್ತರದ ಕದಂಬ. ನಮ್ಮ ಬನವಾಸಿಯ ಅರಸರಿಗೆ ಹೆಸರು ಕೊಟ್ಟ ಮರವೇ. ಅದರ ತುದಿಯ ಕೊಂಬೆಗಳಲ್ಲಿ ಕಡ್ಡಿಯ ಅಟ್ಟಗಳು, ಒಂದೊಂದು ಅಟ್ಟದಲ್ಲೂ ಯಾರೋ ಶಾಲು ಹೊದ್ದ ಮುದುಕರು ಕುಕ್ಕರಗಾಲಿನಲ್ಲಿ ಕೂತ ಹಾಗೆ ಆಕೃತಿಗಳು. ನಾನು ಬಾಯಿ ಮುಚ್ಚಿಕೊಂಡೇ ಕತ್ತೆತ್ತಿದೆ. ಒಬ್ಬ ಮುದುಕ ಎದ್ದು ನಿಂತ. ರೆಕ್ಕೆ ಬಿಚ್ಚಿದ. ಎಂಟಡಿ ಅಗಲದ ರೆಕ್ಕೆ ಆಕಾಶದ ಅಷ್ಟು ಭಾಗವನ್ನು ಮುಚ್ಚಿತು. ಕೊಕ್ಕರೆಯ ಜಾತಿಯ ಹಕ್ಕಿಗಳು ಕತ್ತು ಚಾಚಿ ಹಾರುತ್ತವೆ ಎಂದು ಓದಿಕೊಂಡಿದ್ದೆ. ಇದು ಕತ್ತನ್ನು ಭುಜದೊಳಗೆ ಎಳೆದುಕೊಂಡು, ಯಾವ ಅವಸರವೂ ಇಲ್ಲದೆ ತಗಡಿನ ಸೂರುಗಳ ಮೇಲೆ ತೇಲಿ ಗದ್ದೆಯ ಕಡೆ ಹೋಯಿತು. ಉಳಿದವು ಕೊಕ್ಕಿಗೆ ಕೊಕ್ಕು ಬಡಿದು ಟಕಟಕ ಟಕಟಕ ಎಂದವು. ಈ ಹಕ್ಕಿಗಳಿಗೆ ಹಾಡಲು ಬೇಕಾದ ಗಂಟಲಿನ ಸ್ನಾಯುಗಳಿಲ್ಲ. ಸಿಟ್ಟು, ಸಂಭ್ರಮ, ಸಂಸಾರ ಎಲ್ಲವೂ ಆ ಟಕಟಕದಲ್ಲೇ.

ಹರ್ಗಿಲಾ. ವಿಜ್ಞಾನಿಗಳಿಗೆ ಲೆಪ್ಟೊಪ್ಟಿಲಸ್ ಡ್ಯೂಬಿಯಸ್, ಬ್ರಿಟಿಷರಿಗೆ ಅಡ್ಜುಟೆಂಟ್, ಏಕೆಂದರೆ ಅದು ನೆಲದ ಮೇಲೆ ನಡೆಯುವ ಠೀವಿ ಪಡೆಯ ಅಧಿಕಾರಿಗಳ ಕವಾಯತನ್ನು ನೆನಪಿಸುತ್ತಿತ್ತು. ನಿಂತರೆ ಸುಮಾರು ಐದಡಿ. ಬೋಳು ತಲೆ, ಮಾಸಲು ಕಿತ್ತಳೆ ಬಣ್ಣದ ಬೋಳು ಕತ್ತು, ಆ ಕತ್ತಿನಿಂದ ಎದೆಯ ಮೇಲೆ ಜೋಲುವ ಒಂದು ತೊಗಲಿನ ಚೀಲ. ಆಹಾರ ತುಂಬಿಕೊಳ್ಳಲು ಇರುವ ಚೀಲ ಎಂದು ಯಾರಿಗಾದರೂ ಅನಿಸುತ್ತದೆ. ಅದಕ್ಕೂ ಜೀರ್ಣಾಂಗಕ್ಕೂ ಸಂಬಂಧವೇ ಇಲ್ಲ. ಉಸಿರಿನ ದಾರಿಗೆ ಸೇರಿದ ಗಾಳಿಚೀಲ ಅದು. ಕಾಲುಗಳು ನಿಜದಲ್ಲಿ ಬೂದು ಬಣ್ಣ, ಕಾಣುವುದು ಬಿಳಿ. ಸೆಕೆಯಲ್ಲಿ ತಂಪಾಗಲು ಹಕ್ಕಿ ತನ್ನ ಕಾಲ ಮೇಲೆ ತಾನೇ ಹಿಕ್ಕೆ ಹಾಕಿಕೊಳ್ಳುತ್ತದೆ, ಅದು ಒಣಗಿ ಸುಣ್ಣವಾಗುತ್ತದೆ. ತಿನ್ನುವುದು ಮೀನು, ಕಪ್ಪೆ, ಹಾವು, ಇಲಿ, ಹೆಣ. ಮೂಳೆಯನ್ನು ಇಡಿಯಾಗಿ ನುಂಗಿ ಅರಗಿಸಿಕೊಳ್ಳುತ್ತದೆ. ಇಂಥ ಹಕ್ಕಿಯನ್ನು ನವಿಲಿನಂತೆ ರೇಷ್ಮೆಸೀರೆಯ ಸೆರಗಿಗೆ ನೇಯುತ್ತಾರೆ ಎಂದು ಇಪ್ಪತ್ತು ವರ್ಷದ ಹಿಂದೆ ಯಾರಾದರೂ ಇಲ್ಲಿ ಹೇಳಿದ್ದರೆ ಜನ ಬಿದ್ದು ಬಿದ್ದು ನಗುತ್ತಿದ್ದರು.

ಹಿಂದೊಂದು ಕಾಲದಲ್ಲಿ ಈ ಹಕ್ಕಿಗೆ ಮರ್ಯಾದೆ ಇತ್ತು, ಬೇರೆ ಊರಿನಲ್ಲಿ, ಬೇರೆ ಕಾರಣಕ್ಕೆ. ಹತ್ತೊಂಬತ್ತನೇ ಶತಮಾನದ ಕಲ್ಕತ್ತೆಯ ಬೀದಿಗಳಲ್ಲಿ, ನದಿದಂಡೆಯಲ್ಲಿ, ಗವರ್ನರ್ ಜನರಲ್ ಬಂಗಲೆಯ ಮಾಡಿನ ಮೇಲೆ ಇವು ಗುಂಪುಗುಂಪಾಗಿ ನಿಂತಿರುತ್ತಿದ್ದವು. ಕೊಳಚೆ ತೆಗೆಯುವ ವ್ಯವಸ್ಥೆ ಇಲ್ಲದ ನಗರದಲ್ಲಿ ಸಂಬಳವಿಲ್ಲದ ಪೌರಕಾರ್ಮಿಕರು. ಕಲ್ಕತ್ತೆಯ ನಗರಸಭೆ ತನ್ನ ಲಾಂಛನದಲ್ಲೇ ಎರಡು ಹರ್ಗಿಲಾಗಳನ್ನು ನಿಲ್ಲಿಸಿಕೊಂಡಿತು, ಕೊಕ್ಕಿನಲ್ಲಿ ಹಾವು ಹಿಡಿದಂತೆ. ನಗರ ಚೊಕ್ಕಟವಾಯಿತು, ಕೆರೆಕುಂಟೆಗಳು ಮುಚ್ಚಿದವು, ದೊಡ್ಡ ಮರಗಳು ಉರುಳಿದವು. ಲಾಂಛನದ ಹಕ್ಕಿ ಮಾತ್ರ ಉಳಿಯಿತು. ಉತ್ತರ ಭಾರತದ ಉದ್ದಗಲಕ್ಕೂ ಬಂಗಾಳ, ಬರ್ಮಾದ ತನಕ ಇದ್ದದ್ದು ಕುಗ್ಗಿ ಕುಗ್ಗಿ ಅಸ್ಸಾಮಿನ ಬ್ರಹ್ಮಪುತ್ರ ಕಣಿವೆ, ಬಿಹಾರದ ಭಾಗಲ್ಪುರದ ಗಂಗಾತೀರ, ಕಾಂಬೋಡಿಯಾದ ತೋನ್ಲೆ ಸಾಪ್ ಸರೋವರ ಎಂಬ ಮೂರು ಚೂರುಗಳಿಗೆ ಬಂದು ನಿಂತಿತು. ಬೆಳೆದ ಹಕ್ಕಿಗಳು ಲೋಕದಲ್ಲೆಲ್ಲ ಸೇರಿ 1,200ಕ್ಕಿಂತ ಕಡಿಮೆ ಎಂದು ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2022ರಲ್ಲಿ ಹೇಳಿತು.

ದಾದರಾ, ಪಚರಿಯಾ, ಸಿಂಗಿಮಾರಿ. ಕಾಮರೂಪ ಜಿಲ್ಲೆಯ ಈ ಮೂರು ಹಳ್ಳಿಗಳಲ್ಲಿ ಹರ್ಗಿಲಾ ಗೂಡು ಕಟ್ಟುವುದು ಅರಣ್ಯ ಇಲಾಖೆಯ ಕಾಡಿನಲ್ಲಲ್ಲ, ಜನರ ಹಿತ್ತಲಿನಲ್ಲಿ. ಸೆಪ್ಟೆಂಬರ್ ಅಕ್ಟೋಬರ್ ಸುಮಾರಿಗೆ ಬಂದು ಸೇರುತ್ತವೆ. ಕದಂಬ, ಬೂರುಗ, ಹಾಲೆಯಂಥ ಎತ್ತರದ ಮರಗಳನ್ನು ಆರಿಸಿಕೊಳ್ಳುತ್ತವೆ. ಚಳಿಗಾಲದಲ್ಲಿ ಮೊಟ್ಟೆ, ಮರಿ. ಏಪ್ರಿಲ್ ಹೊತ್ತಿಗೆ ಮರಿಗಳು ಹಾರಿದರೆ ಬಾಣಂತನ ಮುಗಿಯಿತು. ಅಲ್ಲಿಯವರೆಗೆ ಮರದ ಕೆಳಗಿನ ಮನೆಯವರು ಬಟ್ಟೆ ಒಣಹಾಕುವ ಹಾಗಿಲ್ಲ. ಬಾವಿಗೆ ಮುಚ್ಚಳ ಬೇಕು. ವಾಸನೆಗಂತೂ ಮುಚ್ಚಳವಿಲ್ಲ. ನಾನು ನಿಂತಿದ್ದ ಅಂಗಳದಲ್ಲಿ ಆ ವಾಸನೆ ಎಷ್ಟು ಗಡುಸಾಗಿತ್ತೆಂದರೆ, ಮನೆಯೊಡತಿ ಕೊಟ್ಟ ಎಳ್ಳಿನ ಪಿಠಾ ಕೈಯಲ್ಲೇ ಸ್ವಲ್ಪ ಹೊತ್ತು ಉಳಿಯಿತು. ಮೊದಲ ತುತ್ತಿನ ನಂತರ ತೊಂದರೆಯಾಗಲಿಲ್ಲ.

ಹಕ್ಕಿ ಅಪಶಕುನ ಎಂದು ಜನ ನಂಬಿದ್ದರು, ರೋಗ ತರುತ್ತದೆ ಎಂದು ಹೆದರಿದ್ದರು. ನಂಬದವರಿಗೂ ಹೆದರದವರಿಗೂ ಮೂಗಂತೂ ಇತ್ತು. ಮರ ಕಡಿದರೆ ಹಕ್ಕಿಯೂ ಹೋಗುತ್ತದೆ, ಮರಕ್ಕೆ ಕಾಸೂ ಬರುತ್ತದೆ. ಇದಕ್ಕಿಂತ ಸರಳವಾದ ಲೆಕ್ಕ ಬೇರೆ ಯಾವುದಿದೆ?

ಆ ಲೆಕ್ಕ ನಡೆಯುತ್ತಿದ್ದಾಗಲೇ, 2007ರಲ್ಲಿ, ಪೂರ್ಣಿಮಾ ದೇವಿ ಬರ್ಮನ್ ಎಂಬ ಯುವ ಸಂಶೋಧಕಿ ದಾದರಾಕ್ಕೆ ಬಂದದ್ದು. ಪಿಎಚ್‌ಡಿಗಾಗಿ ಹರ್ಗಿಲಾದ ಜೀವನಕ್ರಮ ಅಧ್ಯಯನ ಮಾಡುತ್ತಿದ್ದರು. ಒಬ್ಬಾತ ಗೂಡುಗಳಿದ್ದ ಕದಂಬವನ್ನೇ ಉರುಳಿಸಿದ್ದ. ಒಂಬತ್ತು ಮರಿಗಳು ನೆಲಕ್ಕೆ ಬಿದ್ದಿದ್ದವು. ಯಾಕೆ ಹೀಗೆ ಮಾಡಿದಿರಿ ಎಂದು ಕೇಳಿದ್ದಕ್ಕೆ ಅಕ್ಕಪಕ್ಕದವರೆಲ್ಲ ಸುತ್ತುವರಿದು ಗೇಲಿ ಮಾಡಿದರು. ಅಷ್ಟು ಕರುಳು ಚುರುಕ್ ಎನ್ನುವುದಿದ್ದರೆ ದಿನಾ ಬಂದು ನಮ್ಮ ಅಂಗಳ ತೊಳೆದುಕೊಟ್ಟು ಹೋಗು ಎಂದರು. ಮನೆಯಲ್ಲಿ ಆಕೆಗೆ ಪುಟ್ಟ ಅವಳಿ ಹೆಣ್ಣುಮಕ್ಕಳು. ಬಿದ್ದ ಮರಿಗಳನ್ನು ನೋಡಿದಾಗ ತನ್ನ ಮಕ್ಕಳೇ ಕಣ್ಣೆದುರು ಬಂದರು ಎಂದು ಅವರು ಮುಂದೆ ಎಷ್ಟೋ ಕಡೆ ಹೇಳಿಕೊಂಡಿದ್ದಾರೆ.

ಹೀಗೆ ಗೇಲಿಗೊಳಗಾದ ವಿಜ್ಞಾನಿಗಳು ಏನು ಮಾಡುತ್ತಾರೆಂದು ನಮಗೆ ಗೊತ್ತಿದೆ. ಹಳ್ಳಿಯವರಿಗೆ ತಿಳಿವಳಿಕೆ ಇಲ್ಲ ಎಂದು ವರದಿ ಬರೆಯುತ್ತಾರೆ, ಕಾನೂನು ಬಿಗಿಯಾಗಬೇಕು ಎನ್ನುತ್ತಾರೆ, ಪ್ರಬಂಧ ಮುಗಿಸಿ ಪದವಿ ತೆಗೆದುಕೊಳ್ಳುತ್ತಾರೆ. ಪೂರ್ಣಿಮಾ ಪ್ರಬಂಧವನ್ನೇ ಬದಿಗಿಟ್ಟರು. ಅದು ಮುಗಿದದ್ದು 2019ರಲ್ಲಿ. ನನಗೆ ಈ ಇಡೀ ಕಥೆಯಲ್ಲಿ ಅತ್ಯಂತ ದೊಡ್ಡದಾಗಿ ಕಾಣುವುದು ಈ ವಿಳಂಬವೇ, ಆಮೇಲೆ ಬಂದ ಪ್ರಶಸ್ತಿಗಳಲ್ಲ. ದುರ್ಬೀನನ್ನು ಮರದ ತುದಿಯಿಂದ ಇಳಿಸಿ ಮರದ ಬುಡದಲ್ಲಿ ಸಿಡುಕುತ್ತ ನಿಂತ ಮನುಷ್ಯನ ಕಡೆ ತಿರುಗಿಸಿದ ವರ್ಷಗಳು ಅವು. ಹಕ್ಕಿ ಎಷ್ಟು ಮೊಟ್ಟೆ ಇಡುತ್ತದೆ ಎನ್ನುವುದಕ್ಕೆ ಉತ್ತರ ಸಿಗುವುದು ಕಷ್ಟವಲ್ಲ. ಒಬ್ಬ ಮನುಷ್ಯ ಕೈಗೆತ್ತಿಕೊಂಡ ಕೊಡಲಿಯನ್ನು ಕೆಳಗಿಡಬೇಕಾದರೆ ಅವನ ಒಳಗೆ ಏನು ನಡೆಯಬೇಕು?

ಉಪನ್ಯಾಸಕ್ಕೆ ಜನ ಬರುವುದಿಲ್ಲ ಎಂದು ಬೇಗ ತಿಳಿಯಿತು. ಗಂಡಸರು ಜಗಳಕ್ಕೆ ಬರುತ್ತಿದ್ದರು, ಹೆಂಗಸರು ಬರುತ್ತಲೇ ಇರಲಿಲ್ಲ. ಅಡುಗೆಯ ಸ್ಪರ್ಧೆ ಇಟ್ಟಾಗ ಬಂದರು. ಅಕ್ಕಿಹಿಟ್ಟು, ಬೆಲ್ಲ, ಎಳ್ಳು, ತೆಂಗಿನಕಾಯಿ ಹಿಡಿದು ಪಿಠಾ ಮಾಡಲು ಬಂದ ಹೆಂಗಸರ ನಡುವೆ ಮಾತು ಮೆಲ್ಲಗೆ ಹಿತ್ತಲ ಹಕ್ಕಿಯ ಕಡೆ ಹೊರಳಿತು. ಆ ಮೇಲಿನವಳೂ ಮೊಟ್ಟೆಗೆ ಕೂತಿದ್ದಾಳೆ, ಅವಳ ಗಂಡ ಕಡ್ಡಿ ತರಲು ಹೋಗಿದ್ದಾನೆ, ಇಬ್ಬರೂ ಸರದಿಯಲ್ಲಿ ಕಾವು ಕೊಡುತ್ತಾರೆ. ಸಂಸಾರದ ಮಾತು ಹೆಂಗಸರಿಗೆ ಹೊಸದೇ? ಅಸ್ಸಾಮಿನಲ್ಲಿ ಬಸುರಿಗೆ ಪಂಚಾಮೃತ ಎಂಬ ಶಾಸ್ತ್ರವಿದೆ, ನಮ್ಮ ಸೀಮಂತಕ್ಕೆ ಹತ್ತಿರದ್ದು. ಅದನ್ನೇ ಹರ್ಗಿಲಾಕ್ಕೂ ಮಾಡತೊಡಗಿದರು. ಮರದ ಕೆಳಗೆ ಹಾಡು, ಹಣ್ಣು, ಸಿಹಿ. ಮರಿ ಒಡೆದಾಗ ಇನ್ನೊಂದು ಹಬ್ಬ. ನಾಮಕೀರ್ತನೆಯ ಧಾಟಿಗೆ, ಬಿಹುವಿನ ಧಾಟಿಗೆ ಹಕ್ಕಿಯ ಹಾಡು ಸೇರಿಕೊಂಡವು. ನಾನು ಹೋದಾಗ ಆ ಶಾಸ್ತ್ರದ ಹೊತ್ತು ಮುಗಿದಿತ್ತು. ಆದರೂ ಒಬ್ಬ ವಯಸ್ಸಾದಾಕೆ, ನಾನು ಕೇಳುವ ಮೊದಲೇ, ಅಡಿಕೆ ಕತ್ತರಿಸುತ್ತಿದ್ದ ಕೈ ನಿಲ್ಲಿಸದೆ ಒಂದು ಹಾಡು ಹೇಳಿದರು. ಕಾರಿನ ಹುಡುಗ ಅರ್ಥ ಹೇಳಲು ಹೊರಟು, ನಡುವೆ ತಾನೂ ದನಿ ಸೇರಿಸಿ, ಅರ್ಥ ಹೇಳುವುದನ್ನು ಮರೆತುಬಿಟ್ಟ.

ಮರದ ಯಜಮಾನರನ್ನೂ ಬಿಡಲಿಲ್ಲ. ಊರ ಸಭೆಯಲ್ಲಿ ಅವರನ್ನು ಮುಂದೆ ಕೂರಿಸಿ, ಕೊರಳಿಗೆ ಮರ್ಯಾದೆಯ ಗಾಮೊಸಾ ವಸ್ತ್ರ ಹಾಕಿ, ನಿಮ್ಮ ಮರದಿಂದ ಇಷ್ಟು ಮರಿ ಹಾರಿದವು ಎಂದು ಎಲ್ಲರೆದುರು ಹೇಳಿದರು. ಪಕ್ಕದ ಮನೆಯವನಿಗೆ ಗಾಮೊಸಾ ಸಿಕ್ಕಿ ತನಗೆ ಸಿಗದಿದ್ದರೆ ಯಾರಿಗಾದರೂ ಕಸಿವಿಸಿಯಾಗುತ್ತದೆ. ಮನುಷ್ಯನ ಈ ಸಣ್ಣತನವನ್ನು ಹೀಗೂ ದುಡಿಸಿಕೊಳ್ಳಬಹುದು ಎಂದು ನನಗೆ ಹೊಳೆದಿರಲಿಲ್ಲ. ಶಾಲೆಯ ಮಕ್ಕಳು ಹರ್ಗಿಲಾದ ಮುಖವಾಡ ಹಾಕಿಕೊಂಡು ಕುಣಿದರು. ಒಂದು ಮನೆಯಲ್ಲಿ ಅಂಥ ಮುಖವಾಡ ದೇವರ ಪಟಗಳ ಸಾಲಿನಲ್ಲೇ ಗೋಡೆಗೆ ತೂಗಿತ್ತು, ಕೊಕ್ಕು ಸ್ವಲ್ಪ ಸೊಟ್ಟಗಾಗಿ.

ಈ ಬಸುರಿ ಬಾಣಂತಿಯ ಮಾತು ಕೇಳುತ್ತ ಕೇಳುತ್ತ ನನ್ನ ಮನಸ್ಸು ಮದ್ದೂರಿನ ಕಡೆಗೆ ಹೋಯಿತು. ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳನ್ನು ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು ಎನ್ನುತ್ತಾರೆ. ಹೊರಲೋಕಕ್ಕೆ ಆ ಊರಿನ ಸುದ್ದಿ ಮುಟ್ಟಿದ್ದು 1976ರಲ್ಲಿ, ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರಿಂದ. ಊರವರ ಪಾಲಿಗೆ ಅದೇನೂ ಸುದ್ದಿಯಾಗಿರಲಿಲ್ಲ, ಅಜ್ಜ ಮುತ್ತಜ್ಜಂದಿರ ಕಾಲದಿಂದ ನೋಡಿಕೊಂಡು ಬಂದದ್ದು. ಅಲ್ಲಿ ಹುಣಸೆಮರಗಳ ಮೇಲೆ ಗೂಡು, ಹುಣಸೆಹಣ್ಣು ಉದುರಿಸಿದರೆ ಗೂಡಿಗೆ ಪೆಟ್ಟು. ಹಣ್ಣಿನ ನಷ್ಟಕ್ಕೆ ಇಲಾಖೆ ಪರಿಹಾರ ಕೊಡುವ ಪದ್ಧತಿ ಬಂತು. 1994ರಲ್ಲಿ ಊರ ಹುಡುಗರ ಹೆಜ್ಜಾರ್ಲೆ ಬಳಗ ಹುಟ್ಟಿತು, 2007ರಲ್ಲಿ ಊರು ಸಮುದಾಯ ಮೀಸಲು ಎನಿಸಿತು. ದಾದರಾದಲ್ಲಿ ಮರ ಉರುಳಿದ್ದೂ ಅದೇ 2007ರಲ್ಲಿ. ನಮ್ಮಲ್ಲಿ ಇದ್ದ ನಂಟು ಕಡಿಯದಂತೆ ನೋಡಿಕೊಳ್ಳಬೇಕಿತ್ತು. ಇಲ್ಲಿ ನಂಟೇ ಇರಲಿಲ್ಲ, ಹಗೆ ಇತ್ತು. ಇಲ್ಲದ ತವರನ್ನು ಹೊಸದಾಗಿ ಹುಟ್ಟಿಸಿದರಲ್ಲ ಎಂಬುದೇ ನನ್ನ ಬೆರಗು. ಸಂಪ್ರದಾಯ ಅಂದರೆ ಹಿಂದಿನಿಂದ ಬಂದದ್ದು ಎಂದುಕೊಂಡಿದ್ದ ನನಗೆ, ಇವತ್ತಿನ ಅಜ್ಜಿಯರೇ ಮುಂದೆ ನಿಂತು ಒಂದು ಸಂಪ್ರದಾಯ ಶುರು ಮಾಡಿದ ಊರನ್ನು ನೋಡುವುದು ಹೊಸದು.

ಇದೇ ಹಕ್ಕಿಯನ್ನು ಬೇರೆ ಕಡೆ ಉಳಿಸಿದ್ದು ಬೇರೆ ದಾರಿಯಲ್ಲಿ. ಭಾಗಲ್ಪುರದ ಕದ್ವಾ ದಿಯಾರಾದಲ್ಲಿ 2006ರಲ್ಲಿ ಗೂಡುಗಳು ಪತ್ತೆಯಾದಾಗ ಅರವಿಂದ ಮಿಶ್ರಾ ಮತ್ತು ಸಂಗಡಿಗರು ಜನರಿಗೆ ನೆನಪಿಸಿದ್ದು, ಇದು ವಿಷ್ಣುವಿನ ವಾಹನವಾದ ಗರುಡ ಎಂದು. ಹಾವು ತಿನ್ನುವ ದೊಡ್ಡ ಹಕ್ಕಿ, ಅನುಮಾನಕ್ಕೆ ಎಡೆಯೆಲ್ಲಿ? ಅಲ್ಲಿ ಭಕ್ತಿ ಕಾವಲಾಯಿತು. ಕಾಂಬೋಡಿಯಾದ ಪ್ರೆಕ್ ತೋಲ್‌ನಲ್ಲಿ ಮೊಟ್ಟೆ, ಮರಿ ಕದಿಯುತ್ತಿದ್ದವರನ್ನೇ ಸಂಬಳಕ್ಕೆ ಕಾವಲಿಗೆ ಇಟ್ಟರು. ಮರ ಹತ್ತಿ ಗೊತ್ತಿದ್ದವರು ತಾನೆ, ಮರದ ಮೇಲೆ ಕೂತು ಲೆಕ್ಕ ಬರೆಯಲು ಅವರಿಗಿಂತ ಯೋಗ್ಯರು ಯಾರು? ಎರಡು ದೇಶಗಳ ಮೂರು ಸಾಕ್ಷಿಗಳನ್ನು ಒಟ್ಟಿಗಿಟ್ಟು ನೋಡಿದರೆ ಒಂದು ವಿಷಯ ಕಾಣುತ್ತದೆ. ಹಕ್ಕಿಯ ಸಂಖ್ಯೆ ಕುಸಿದಿದೆ, ಅದು ಪರಿಸರಕ್ಕೆ ಬೇಕು ಎಂಬ ವಾದವನ್ನು ಎಲ್ಲರೂ ಹೇಳಿದ್ದಾರೆ, ಆದರೆ ಆ ವಾದ ಒಂದೇ ನಿಂತು ಎಲ್ಲೂ ಕೆಲಸ ಮಾಡಿಲ್ಲ. ಹಾಗೆಂದು ಕಾಂಬೋಡಿಯಾದ ಸಂಬಳವನ್ನು ಕೀಳು, ಅಸ್ಸಾಮಿನ ಹಾಡನ್ನು ಮೇಲು ಎನ್ನಲು ನನಗೆ ಮನಸ್ಸಿಲ್ಲ. ಹೊಟ್ಟೆಗಿಲ್ಲದವನಿಗೆ ಗಾಮೊಸಾ ಹೊದಿಸಿ ಪ್ರಯೋಜನವಿಲ್ಲ.

ದಾದರಾದವರಿಗೂ ಅದು ಗೊತ್ತು. ಹಾಡಿನ ಹಿಂದೆಯೇ ಮಗ್ಗ ಬಂತು. ಅಸ್ಸಾಮಿನ ಹಳ್ಳಿಯ ಹೆಣ್ಣಿಗೆ ನೇಯಲು ಯಾರೂ ಹೇಳಿಕೊಡಬೇಕಿಲ್ಲ, ನೂಲು ಮತ್ತು ಮಾರುಕಟ್ಟೆ ಬೇಕು. ಮಗ್ಗ, ಹೊಲಿಗೆಯಂತ್ರ, ನೂಲು ಒದಗಿದವು. ತಾವು ಉಡುವ ಮೇಖೇಲಾ ಚಾದರದ ಅಂಚಿನಲ್ಲಿ, ಗಾಮೊಸಾದ ಕೆಂಪು ಪಟ್ಟಿಯಲ್ಲಿ ಹರ್ಗಿಲಾ ಸಾಲುಗಟ್ಟಿ ನಡೆಯಿತು. ಒಂದು ಮಗ್ಗದ ಮುಂದೆ ನಾನು ಬಹಳ ಹೊತ್ತು ಕೂತೆ. ನೇಯುತ್ತಿದ್ದಾಕೆಯ ಕಾಲು ಕೆಳಗೆ ಮೆಟ್ಟುಕೋಲಿನ ಮೇಲೆ, ಕೈ ಲಾಳಿಯ ಮೇಲೆ, ಕಿವಿ ಹೊರಗೆ. ಮರದ ಮೇಲಿನ ಟಕಟಕ ಏಕಾಏಕಿ ಜೋರಾದಾಗ ಲಾಳಿ ನಿಲ್ಲಿಸಿ ಎದ್ದು ಹೋಗಿ ನೋಡಿ ಬಂದರು. ಏನಿಲ್ಲ, ಗಂಡ ಮೀನು ತಂದಿದ್ದಾನೆ ಎಂದರು. ಯಾರ ಗಂಡ ಎಂದು ಕೇಳುವಷ್ಟರಲ್ಲಿ ಅರ್ಥವಾಯಿತು.

ಈ ಹೆಂಗಸರ ಕೂಟಕ್ಕೆ ಹರ್ಗಿಲಾ ಸೇನೆ ಎಂದು ಹೆಸರು. ಹತ್ತು ಸಾವಿರಕ್ಕೂ ಹೆಚ್ಚು ಮಂದಿ ಇದ್ದಾರೆ. ಪೂರ್ಣಿಮಾ ಇಲ್ಲಿ ಯಾರಿಗೂ ಡಾಕ್ಟರ್ ಅಲ್ಲ, ಮೇಡಂ ಅಲ್ಲ. ಹರ್ಗಿಲಾ ಬಾಯ್‌ದೇವ್, ಹರ್ಗಿಲಾ ಅಕ್ಕ. ಐದು ವರ್ಷದ ಹುಡುಗಿಯಾಗಿದ್ದಾಗ ಆಕೆಯನ್ನು ಬ್ರಹ್ಮಪುತ್ರದ ದಡದ ಅಜ್ಜಿಯ ಮನೆಗೆ ಕಳಿಸಿದ್ದರಂತೆ. ಅಪ್ಪ ಅಮ್ಮನಿಲ್ಲದ ಬೇಸರ ಕಳೆಯಲು ಅಜ್ಜಿ ಗದ್ದೆಗೆ, ಜೌಗಿಗೆ ಕರೆದೊಯ್ದು ಹಕ್ಕಿ ತೋರಿಸುತ್ತಿದ್ದರು. ಆ ಕಥೆ ಕೇಳಿದ ಮೇಲೆ ಈ ವಿಜ್ಞಾನಿ ಅಡುಗೆಮನೆಯ ಬಾಗಿಲಿನಿಂದ ಊರೊಳಗೆ ಬಂದದ್ದು ನನಗೆ ಆಶ್ಚರ್ಯವಾಗಿ ಕಾಣಲಿಲ್ಲ. 2010ರಲ್ಲಿ ಈ ಮೂರು ಹಳ್ಳಿಗಳಲ್ಲಿ ಎಣಿಸಿದಾಗ ಇದ್ದದ್ದು 28 ಗೂಡು. ಒಂದು ದಶಕ ಕಳೆಯುವಷ್ಟರಲ್ಲಿ 250 ದಾಟಿತು, ಲೋಕದಲ್ಲೇ ಹರ್ಗಿಲಾಗಳ ಅತಿ ದೊಡ್ಡ ಸಂತಾನದ ಊರಾಯಿತು. ಪೂರ್ಣಿಮಾ ಅವರಿಗೆ 2017ರಲ್ಲಿ ವಿಟ್ಲಿ ಪ್ರಶಸ್ತಿ, ಅದೇ ಸಾಲಿನ ನಾರೀಶಕ್ತಿ ಪುರಸ್ಕಾರ, 2022ರಲ್ಲಿ ವಿಶ್ವಸಂಸ್ಥೆಯ ಚಾಂಪಿಯನ್ಸ್ ಆಫ್ ದಿ ಅರ್ತ್ ಬಂದವು. 2023ರಲ್ಲಿ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಈ ಹಕ್ಕಿ ಅಳಿವಿನಂಚಿನ ಸಾಲಿನಿಂದ ಕೆಳಗಿಳಿದು, ಅಪಾಯಕ್ಕೆ ಸಮೀಪವಿರುವವುಗಳ ಸಾಲಿಗೆ ಬಂತು. ಅಪಾಯ ದೂರ ಹೋಯಿತು ಎಂದು ಇದರ ಅರ್ಥವಲ್ಲ.

ಮರಿ ಬೀಳುವ ಕಾಲದಲ್ಲಿ ಮರದ ಕೆಳಗೆ ಬಲೆ ಕಟ್ಟುತ್ತಾರೆ. ಮೀನುಬಲೆ ಕಟ್ಟಿ ಗೊತ್ತಿದ್ದ ಊರು, ಅದೇನೂ ದೊಡ್ಡ ವಿದ್ಯೆಯಲ್ಲ. ಗಾಯವಾದ ಮರಿ ಗುವಾಹಾಟಿಯ ಮೃಗಾಲಯಕ್ಕೆ ಹೋಗುತ್ತದೆ, ಚೇತರಿಸಿಕೊಂಡರೆ ಮತ್ತೆ ಹೊರಗೆ. ಹಳೆಯ ಮರಗಳು ಎಷ್ಟು ದಿನ ನಿಂತಾವು ಎಂಬ ಚಿಂತೆಯಿಂದ 2017ರಲ್ಲಿ ಬಿದಿರಿನ ಎತ್ತರದ ಅಟ್ಟಣೆಗಳನ್ನು ಕಟ್ಟಿ ನೋಡಿದರು. ಹಕ್ಕಿಗಳು ಒಂದೆರಡು ವರ್ಷ ಅವನ್ನು ದೂರದಿಂದ ಪರೀಕ್ಷಿಸಿ, ಕೊನೆಗೆ ಒಪ್ಪಿಕೊಂಡು ಅಲ್ಲೂ ಮರಿ ಮಾಡಿದವು. ಸಸಿ ನೆಡುವ ಕೆಲಸವೂ ನಡೆದಿದೆ, 45,000 ನೆಟ್ಟಿದ್ದಾರೆ. ಆ ಸಸಿಗಳು ಹರ್ಗಿಲಾದ ತೂಕ ಹೊರುವ ಮರಗಳಾಗಲು ಈಗಿನ ಶಾಲೆಮಕ್ಕಳು ಮಕ್ಕಳೊಂದಿಗರಾಗಬೇಕು.

ಊರ ಹೆಂಗಸರ ಕೈಗೆ ಸಿಗದ ಸಂಗತಿಯೊಂದಿದೆ. ಗೂಡು ಇಲ್ಲಿ, ಊಟ ಬೇರೆಲ್ಲೋ. ಗುವಾಹಾಟಿಯ ಅಂಚಿನಲ್ಲಿ ದೀಪೋರ್ ಬೀಲ್ ಎಂಬ ವಿಶಾಲ ಸರೋವರವಿದೆ, 2002ರಿಂದ ರಾಮ್ಸರ್ ತಾಣ. ಅದರ ಮಗ್ಗುಲಲ್ಲೇ ಬೋರಾಗಾಂವ್‌ನಲ್ಲಿ ವರ್ಷಾನುಗಟ್ಟಲೆ ನಗರದ ಕಸ ಸುರಿದರು. ಪ್ಲಾಸ್ಟಿಕ್ಕಿನ ಗುಡ್ಡದ ಮೇಲೆ ಚಿಂದಿ ಆಯುವವರ ಹೆಗಲಿಗೆ ಹೆಗಲು ಕೊಟ್ಟು ನಿಂತ ಹರ್ಗಿಲಾಗಳ ಚಿತ್ರವನ್ನು ನೀವೂ ನೋಡಿರಬಹುದು. ಕಲ್ಕತ್ತೆಯ ಕಾಲದ ಕಸದಲ್ಲಿ ಹಕ್ಕಿಗೆ ಎಷ್ಟೆಂದರೂ ಮಾಂಸ, ಮೂಳೆ ಸಿಗುತ್ತಿತ್ತು. ಈಗಿನ ಕಸದಲ್ಲಿ ಅವುಗಳ ಜೊತೆಗೆ ಏನೇನು ಹೊಟ್ಟೆಗೆ ಹೋಗುತ್ತದೋ. ಮರುದಿನ ನಾನು ಬೀಲ್ ದಡದಲ್ಲಿ ನಿಂತಾಗ ನೀರಿನ ಈ ಬದಿ ರೈಲುಹಳಿ, ದೂರದಲ್ಲಿ ಕಟ್ಟಡಗಳ ಸಾಲು, ನಡುವೆ ದೋಣಿಯಲ್ಲಿ ಮೀನು ಹಿಡಿಯುವವರು. ಮೊಣಕಾಲು ನೀರಿನಲ್ಲಿ ಒಂಟಿ ಹರ್ಗಿಲಾ ಅಲುಗಾಡದೆ ನಿಂತಿತ್ತು. ಅದು ದಾದರಾದ್ದೇ ಆಗಿದ್ದರೆ, ಅದರ ಗೂಡಿರುವ ಅಂಗಳದವರಿಗೆ ಈ ನೀರಿನ ಮೇಲೆ ಯಾವ ಹಕ್ಕೂ ಇಲ್ಲ. ಹತ್ತು ಸಾವಿರ ಹೆಂಗಸರು ಸೇರಿ ಒಂದು ಮಹಾನಗರದ ಕಸದ ಬುಟ್ಟಿಗೆ ಹಾಡು ಕಲಿಸಲಾರರು. ಆ ಕೆಲಸ ನಗರದವರದು, ನಗರದವರಿಗೆ ಸೀಮಂತದ ಹಾಡಿನಿಂದ ಏನಾದರೂ ಆದೀತು ಎಂದು ನನಗಂತೂ ನಂಬಿಕೆಯಿಲ್ಲ.

ದಾದರಾದ ಆ ದಿನ ಮಧ್ಯಾಹ್ನ ಕಾರಿನ ಹುಡುಗ ನನ್ನನ್ನು ತನ್ನ ಅಕ್ಕನ ಮನೆಗೆ ಕರೆದುಕೊಂಡು ಹೋದ. ಅಲ್ಲೊಂದು ತಕರಾರು ಎದ್ದಿತ್ತು. ಅಕ್ಕನ ಮಗನಿಗೆ ಮದುವೆ ಗೊತ್ತಾಗಿದೆ, ಹಳೆಯ ಬಿದಿರ ತಡಿಕೆಯ ಅಡುಗೆಮನೆ ಕೆಡವಿ ಆರ್‌ಸಿಸಿಯದು ಕಟ್ಟಬೇಕು. ಅವನು ಬರೆದುಕೊಂಡ ನಕ್ಷೆಯ ಪ್ರಕಾರ ಹಿತ್ತಲ ಕದಂಬ ಹೊಸ ಗೋಡೆಗೆ ಅಡ್ಡ ಬರುತ್ತದೆ. ಮರದ ಮೇಲೆ ಮೂರು ಗೂಡು. ಅವನು ಹಕ್ಕಿಯ ವೈರಿಯೇನಲ್ಲ. ಮುಖವಾಡ ಹಾಕಿ ಕುಣಿದ ಮಕ್ಕಳಲ್ಲಿ ಅವನೂ ಒಬ್ಬನಂತೆ. ಮರಿ ಹಾರಿದ ಮೇಲೆ, ಏಪ್ರಿಲ್ ಕಳೆದು ಕಡಿಯೋಣ, ಬದಲಿಗೆ ನಾಲ್ಕು ಸಸಿ ನೆಡೋಣ ಎನ್ನುವುದು ಅವನ ವಾದ. ತಾಯಿ ಕೂಗಾಡಲಿಲ್ಲ. ಲೋಟಗಳಿಗೆ ಲಾಲ್ ಚಾಹ್ ಬಗ್ಗಿಸಿ ಕೊಟ್ಟು, ಬರುವ ವರ್ಷ ಅವು ಬಂದಾಗ ನಾನು ಏನು ಹೇಳಲಿ ಎಂದು ಕೇಳಿದರು. ಮಗನಿಗೆ ಅದಕ್ಕೆ ಉತ್ತರ ಇರಲಿಲ್ಲ, ಆದರೆ ಅಳತೆಯ ಟೇಪಿತ್ತು.

ಅವನು ಹಿತ್ತಲಿಗೆ ಹೋಗಿ, ಟೇಪಿನ ಒಂದು ತುದಿಯನ್ನು ಮಾವನ ಕೈಗೆ ಕೊಟ್ಟು, ಮರದ ಬುಡದಿಂದ ಅಳೆಯತೊಡಗಿದ. ಅಡುಗೆಮನೆಯನ್ನು ಕೊಳದ ಕಡೆಗೆ ಮೂರಡಿ ಸರಿಸಿದರೆ ಮರ ಉಳಿಯುತ್ತದೆ, ಆದರೆ ಬಾಗಿಲು ಇಕ್ಕಟ್ಟಾಗುತ್ತದೆ ಎಂದ. ತಾಯಿ ಕತ್ತೆತ್ತಿ ಮೂರೂ ಗೂಡುಗಳನ್ನು ಒಂದೊಂದಾಗಿ ನೋಡಿದರು, ಆಮೇಲೆ ನೆಲದ ಮೇಲಿನ ಬಿಳಿ ಕಲೆಗಳನ್ನು.

"ಮೂರು ಸಾಲದು, ಆರು ಮಾಡು," ಎಂದರು. "ಆ ಪೂರ್ವದ ಗೂಡಿನವಳು ಹಾಕಿದ್ದು ಮೂರಡಿಯಲ್ಲಿ ನಿಲ್ಲುವುದಿಲ್ಲ. ಹೊಸ ಸೊಸೆಯ ಒಲೆಯ ಮೇಲೇ ಬೀಳುತ್ತದೆ."

ಮಗ ಗೊಣಗುತ್ತ ಕಿವಿಯ ಸಂದಿಯಿಂದ ಪೆನ್ಸಿಲ್ ತೆಗೆದ.